ನಡುಗಡಲಲ್ಲಿ ಮಲಗುವವರ ಜಾಡು ಹಿಡಿದು: ಅಬರ್ಡೀನ್‌ನಿಂದ ಸ್ಟವಾಂಗರ್‌ವರೆಗೆ

ಮೊದಲ ದಿನ: ಮಂಜು ಮುಸುಕಿದ ಬಂದರು

ವೃತ್ತಿಜೀವನದ ಬಹುಪಾಲನ್ನು ವಿದ್ಯಾರ್ಥಿನಿಲಯ ಮತ್ತು ನೌಕರರ ವಸತಿಗೃಹಗಳ ನಕ್ಷೆ ಬರೆಯುವುದರಲ್ಲೇ ಕಳೆದ ನನಗೆ, ಯಾವ ಕಟ್ಟಡವನ್ನು ಕಂಡರೂ ಮಲಗುವ ಜಾಗ ಎಲ್ಲಿದೆ, ಅಲ್ಲಿಂದ ಹೊರಬೀಳುವ ದಾರಿ ಯಾವುದು ಎಂದು ಹುಡುಕುವ ಚಾಳಿ ನಿವೃತ್ತಿಯ ನಂತರವೂ ಹೋಗಿಲ್ಲ. ಉತ್ತರ ಸಮುದ್ರದ ಒಂದು ತೈಲ ಪ್ಲಾಟ್‌ಫಾರ್ಮಿನಲ್ಲಿ, ಅಂದರೆ ನಡುಗಡಲಲ್ಲಿ ಕಾಲೂರಿ ನಿಂತು ತೈಲ ತೆಗೆಯುವ ಕಟ್ಟೆಯಲ್ಲಿ, ಉಪಕರಣಗಳ ತಂತ್ರಜ್ಞನಾಗಿರುವ ನನ್ನ ತಂಗಿಯ ಮಗನನ್ನು ಈ ಕಾರಣಕ್ಕೇ ವರ್ಷಗಟ್ಟಲೆ ಪೀಡಿಸಿದ್ದೆ. "ಮಾವ, ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಆಗದ ಮಾತು. ತರಬೇತಿ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಇಲ್ಲದವರನ್ನು ಹೆಲಿಕಾಪ್ಟರಿಗೇ ಹತ್ತಿಸುವುದಿಲ್ಲ. ಆದರೆ ದಡದಲ್ಲಿ ನೋಡುವಂಥದ್ದು ಬೇಕಾದಷ್ಟಿದೆ, ನನ್ನ ರಜೆಯ ವಾರದಲ್ಲಿ ಬನ್ನಿ" ಎಂದು ಅವನು ಕರೆದ ಮೇಲೆ ಮೇ ತಿಂಗಳ ಕೊನೆಯಲ್ಲಿ ಹೊರಟೆ. ಬ್ರಿಟನ್ನಿನ ವೀಸಾ ಇದ್ದರೂ ನಾರ್ವೆಗೆ ಷೆಂಗೆನ್ ವೀಸಾ ಬೇರೆಯೇ ಬೇಕಾಗುತ್ತದೆ ಎಂಬುದನ್ನು ಮೊದಲೇ ತಿಳಿದಿದ್ದರಿಂದ ಅಲ್ಲಿನ ಎರಡು ದಿನಗಳ ಪ್ರಯಾಣ ಉಳಿಯಿತು.

ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ವಿಮಾನ ಇಳಿಯುವಾಗ ಕೆಳಗೆ ಊರೇ ಕಾಣಲಿಲ್ಲ. ತಣ್ಣನೆಯ ಸಮುದ್ರದಿಂದ ಎದ್ದು ಬರುವ ದಟ್ಟ ಮಂಜು ದಡದ ಮೇಲೆ ಹಾಸಿಕೊಂಡಿತ್ತು. ಇಲ್ಲಿನವರು ಅದನ್ನು ‘ಹಾರ್’ ಎನ್ನುತ್ತಾರೆ; ಕೊರಳಿಗೆ ಬಿದ್ದರೆ ಹಾರದಂತೆಯೇ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ನನ್ನ ಸೋದರಳಿಯ ಹಿಂದಿನ ದಿನವಷ್ಟೇ, ಅದೂ ಒಂದು ದಿನ ತಡವಾಗಿ, ಮನೆ ಸೇರಿದ್ದನು. ಹೆಲಿಕಾಪ್ಟರುಗಳು ಹಾರಲಾಗದೆ ನಿಂತಾಗ ಹೊರಡಬೇಕಾದವರು ಚೀಲ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಹಾಗಾದರೆ ಅವರೆಲ್ಲ ಎಲ್ಲಿ ಮಲಗುತ್ತಾರೆ ಎಂದು ನಾನು ಕೇಳಿದ್ದಕ್ಕೆ ಅವನು ನಕ್ಕನು. ಹೊರಡುವವರು ಹೋಗದಿದ್ದರೆ ಬರಬೇಕಾದವರೂ ಬಂದಿರುವುದಿಲ್ಲವಾದ್ದರಿಂದ ಹಾಸಿಗೆಯ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಅಲ್ಲಿ ಎಷ್ಟು ಜನ ಇರಬಹುದು ಎಂಬುದನ್ನು ತೀರ್ಮಾನಿಸುವುದು ಕೆಲಸದ ಪ್ರಮಾಣವಲ್ಲ. ಹಾಸಿಗೆಗಳ ಸಂಖ್ಯೆ ಮತ್ತು ಲೈಫ್‌ಬೋಟಿನ ಆಸನಗಳ ಸಂಖ್ಯೆ. ಇದು ನಾನು ಬರೆದ ಯಾವ ವಿದ್ಯಾರ್ಥಿನಿಲಯದ ನಕ್ಷೆಯಲ್ಲಿಯೂ ಪಾಲನೆಯಾಗದ ನಿಯಮ.

ಸಂಜೆ ಮಂಜು ಸ್ವಲ್ಪ ಸರಿದಾಗ ಬಂದರಿನತ್ತ ನಡೆದೆವು. ಅಬರ್ಡೀನ್‌ನ ಬಂದರು ಊರಿನಾಚೆ ಎಲ್ಲೋ ಇರುವುದಲ್ಲ. ಬೂದುಬಣ್ಣದ ಗ್ರಾನೈಟ್ ಕಟ್ಟಡಗಳ ಯೂನಿಯನ್ ಸ್ಟ್ರೀಟಿನಿಂದ ಮಾರ್ಕೆಟ್ ಸ್ಟ್ರೀಟಿನ ಇಳಿಜಾರು ಹಿಡಿದರೆ ಹತ್ತು ನಿಮಿಷದೊಳಗೆ ಕಿತ್ತಳೆ, ಕೆಂಪು, ಹಳದಿ ಬಣ್ಣದ ಹಡಗುಗಳು ರಸ್ತೆಗೇ ಮೂತಿ ತಾಗಿಸಿದಂತೆ ನಿಂತಿರುತ್ತವೆ. ಮುಂದೆ ನಾಲ್ಕೈದು ಮಹಡಿಯ ಮನೆ, ಹಿಂದೆ ಉದ್ದನೆಯ ಬಯಲು ಅಂಗಳ: ಇವು ಪ್ಲಾಟ್‌ಫಾರ್ಮುಗಳಿಗೆ ಸರಕು ಒಯ್ಯುವ ಹಡಗುಗಳು. ಅಂಗಳದ ಮೇಲೆ ಕೊರೆಯುವ ಕೊಳವೆಗಳ ಪಕ್ಕದಲ್ಲೇ ಶೀತಲೀಕರಿಸಿದ ಆಹಾರದ ಪೆಟ್ಟಿಗೆಗಳು ಸಾಲಾಗಿದ್ದವು. ಹಿಟ್ಟು, ಮಾಂಸ, ಮೊಟ್ಟೆ, ತರಕಾರಿ, ಸಾಬೂನು, ಎಲ್ಲವೂ ಹೀಗೆಯೇ ಹೋಗಿ ಕ್ರೇನಿನ ಕೊಕ್ಕೆಯಲ್ಲಿ ಮೇಲೇರಬೇಕು. ಕುಡಿಯುವ ನೀರನ್ನು ಕೆಲವು ಕಡೆ ಸಮುದ್ರದ ನೀರಿನಿಂದಲೇ ಉಪ್ಪು ತೆಗೆದು ಮಾಡಿಕೊಳ್ಳುತ್ತಾರೆ, ಕೆಲವು ಕಡೆ ಹಡಗಿನಿಂದ ಉದ್ದನೆಯ ಕೊಳವೆಯಲ್ಲಿ ತುಂಬಿಸಿಕೊಳ್ಳುತ್ತಾರೆ. ಚಳಿಗಾಲದ ಬಿರುಗಾಳಿಗೆ ಹಡಗು ಹತ್ತಿರ ಬರಲಾಗದೆ ದಿನಗಳುರುಳಿದರೆ ಮೊದಲು ಮುಗಿಯುವುದು ಹಸಿ ಸೊಪ್ಪು ಮತ್ತು ಹಣ್ಣು, ಮೊದಲು ಹಾಳಾಗುವುದು ಜನರ ಮನಸ್ಸು ಎಂದು ಸೋದರಳಿಯ ಹೇಳಿದನು.

ಹೋದದ್ದೆಲ್ಲ ತಿರುಗಿ ಬರಬೇಕು ಎಂಬುದು ನನಗೆ ಹೊಸ ಸಂಗತಿ. ಅಡುಗೆಮನೆಯ ಉಳಿಕೆಯನ್ನು ಮಾತ್ರ, ಅದೂ ದಡದಿಂದ 12 ನಾಟಿಕಲ್ ಮೈಲಿಗಿಂತ ದೂರದಲ್ಲಿರುವ ಪ್ಲಾಟ್‌ಫಾರ್ಮಾದರೆ, 25 ಮಿಲಿಮೀಟರ್ ಕಣ್ಣಿನ ಜರಡಿ ದಾಟುವಷ್ಟು ಸಣ್ಣಗೆ ಅರೆದು ಸಮುದ್ರಕ್ಕೆ ಬಿಡಬಹುದು. ಪ್ಲಾಸ್ಟಿಕ್ಕಿನ ಒಂದು ತುಣುಕನ್ನೂ ಬಿಡುವಂತಿಲ್ಲ. ನಾವು ನೋಡುತ್ತಿದ್ದ ಹಾಗೆಯೇ ಒಂದು ಹಡಗು ಬಂದು, ಕಸ ತುಂಬಿದ ಮುಚ್ಚಿದ ಪೆಟ್ಟಿಗೆಗಳನ್ನು ಇಳಿಸತೊಡಗಿತು. ಆ ಪೆಟ್ಟಿಗೆಗಳ ವಾಸನೆ ಗಾಳಿಯ ಜೊತೆ ನಮ್ಮ ಕಡೆಗೇ ತಿರುಗಿದ್ದರಿಂದ ಅಂದಿನ ವಿಹಾರ ಅಲ್ಲಿಗೇ ಮುಗಿಯಿತು.

ಎರಡನೆಯ ದಿನ: ಮಹಡಿ ಸೀಳಿ ನಿಂತ ಮಾದರಿ

ಬೆಳಿಗ್ಗೆ ಬೇಕರಿಯಿಂದ ತಂದ, ಚಪ್ಪಟೆಯಾದ, ಉಪ್ಪುಪ್ಪಾದ ‘ಬಟರಿ’ ಎಂಬ ರೊಟ್ಟಿಯನ್ನು ಎರಡು ತಿಂದೆ. ವಾರಗಟ್ಟಲೆ ಕಡಲಿನಲ್ಲಿರುವ ಬೆಸ್ತರಿಗೆ ಬೇಗ ಕೆಡದಿರಲೆಂದು ಹುಟ್ಟಿದ ತಿಂಡಿ ಇದು ಎಂದು ಇಲ್ಲಿ ಹೇಳುತ್ತಾರೆ. ಮೂರನೆಯದಕ್ಕೆ ಕೈಹಾಕಿದಾಗ ಸೋದರಳಿಯನ ಹೆಂಡತಿ, "ಅದಕ್ಕೆ ಹಂದಿಯ ಕೊಬ್ಬು ಹಾಕುವ ರೂಢಿಯುಂಟು, ನಿಮಗೆ ಹೇಳಲು ಮರೆತೆ" ಎಂದು ಮೆಲ್ಲಗೆ ಹೇಳಿದಳು. ಸಸ್ಯಾಹಾರಿಗಳು ಕೇಳಿ ಕೊಳ್ಳುವುದು ಒಳಿತು. ನನ್ನ ಮಟ್ಟಿಗೆ ಆ ಹೊತ್ತಿಗೆ ಕಾಲ ಮಿಂಚಿತ್ತು.

ಶಿಪ್‌ರೋ ಎಂಬ ಇಳಿಜಾರಿನ ಓಣಿಯಲ್ಲಿ, 1593ರ ಒಂದು ಹಳೆಯ ಮನೆಯನ್ನೂ ಒಳಗೊಂಡು ಕಟ್ಟಿರುವ ಸಾಗರ ವಸ್ತುಸಂಗ್ರಹಾಲಯಕ್ಕೆ ಪ್ರವೇಶಶುಲ್ಕವಿಲ್ಲ. ನಾನು ಅಲ್ಲಿಗೆ ಹೋದದ್ದು ಒಂದೇ ವಸ್ತುವಿಗಾಗಿ. ಶೆಟ್‌ಲ್ಯಾಂಡಿನ ಈಶಾನ್ಯಕ್ಕೆ, ಬ್ರಿಟನ್ ಮತ್ತು ನಾರ್ವೆಯ ಕಡಲಗಡಿಯ ಮೇಲೆಯೇ ಇದ್ದ ಮರ್ಚಿಸನ್ ತೈಲಕ್ಷೇತ್ರದ ಪ್ಲಾಟ್‌ಫಾರ್ಮಿನ ಮಾದರಿ, ಎಂಟು ಮೀಟರಿಗೂ ಹೆಚ್ಚು ಎತ್ತರ, ಮಹಡಿಗಳನ್ನು ಸೀಳಿಕೊಂಡು ನಿಂತಿದೆ. ನಿಜವಾದ ಪ್ಲಾಟ್‌ಫಾರ್ಮ್ 2014ರಲ್ಲಿ ಉತ್ಪಾದನೆ ನಿಲ್ಲಿಸಿತು. ಆಮೇಲೆ ಅದರ ಮೇಲ್ಭಾಗವನ್ನು ಬಿಚ್ಚಿ ದಡಕ್ಕೆ ತಂದರು. ಕೆಳಮಹಡಿಯಲ್ಲಿ ನಿಂತಾಗ ಕಣ್ಣೆದುರಿಗಿರುವುದು ಸಮುದ್ರದ ತಳದ ಉಕ್ಕಿನ ಕಾಲುಗಳು. ಮೇಲಕ್ಕೆ ಹೋದಂತೆ ನೀರಿನ ಮಟ್ಟ, ಅದರ ಮೇಲೆ ಯಂತ್ರಗಳು, ಕೊಳವೆಗಳು, ತುದಿಯಲ್ಲಿ ಹೆಲಿಪ್ಯಾಡ್. ನನ್ನ ಕಣ್ಣು ಹುಡುಕಿದ್ದು ಮನುಷ್ಯರು ಮಲಗುವ ಭಾಗವನ್ನು. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟಂತೆ ಜೋಡಿಸಿದ ಆ ವಸತಿ ಭಾಗ, ಇಡೀ ರಚನೆಯ ಅಗಾಧತೆಯ ಮುಂದೆ, ಯಾರೋ ಕೊನೆಯಲ್ಲಿ ನೆನಪಿಸಿಕೊಂಡು ಅಂಟಿಸಿದ ಹಾಗಿತ್ತು.

"ಒಳಗೆ ಹೇಗಿರುತ್ತದೆ, ನಕ್ಷೆ ಬರೆಯುವಂತೆ ಹೇಳು" ಎಂದೆ. ಸೋದರಳಿಯ ಹೇಳಿದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡೆ. ಅವನ ಕ್ಯಾಬಿನ್ನಿನಲ್ಲಿ ಒಂದರ ಮೇಲೊಂದು ಎರಡು ಬಂಕ್ ಮಂಚ, ಪ್ರತಿಯೊಂದಕ್ಕೂ ದಪ್ಪ ಪರದೆ ಮತ್ತು ತಲೆಯ ಬಳಿ ಪುಟ್ಟ ದೀಪ, ಎರಡು ಬೀರು, ಒಂದು ಮೇಜು, ಒಂದು ಟಿವಿ, ಬಚ್ಚಲು. ಕಿಟಕಿ ಇಲ್ಲ. ಇಬ್ಬರಲ್ಲಿ ಒಬ್ಬನಿಗೆ ಹಗಲಿನ ಹನ್ನೆರಡು ಗಂಟೆಯ ಪಾಳಿ, ಇನ್ನೊಬ್ಬನಿಗೆ ರಾತ್ರಿಯದು. ಆದ್ದರಿಂದ ಎರಡು ವಾರ ಒಂದೇ ಕೋಣೆಯಲ್ಲಿದ್ದೂ ಅವರಿಬ್ಬರು ಪರಸ್ಪರ ನೋಡುವುದು ಪಾಳಿ ಬದಲಾಗುವ ಕೆಲವು ನಿಮಿಷ ಮಾತ್ರ. ಮಲಗಿದವನನ್ನು ಎಬ್ಬಿಸದಿರುವುದು ಅಲ್ಲಿನ ಅತಿ ದೊಡ್ಡ ಸಭ್ಯತೆ. ಮರೆತ ವಸ್ತು ತರಲು ಹೊರಗಿರುವವನು ಕ್ಯಾಬಿನ್ನಿಗೆ ಮರಳುವುದಿಲ್ಲ. ಆರು ಗಂಟೆಗೆ ಏನು ಬೇಕೆಂದು ಐದಕ್ಕೇ ಯೋಚಿಸಿ ಒಯ್ಯಬೇಕು. ಕೊಳೆಯ ಬೂಟು ಮತ್ತು ಕೆಲಸದ ಉಡುಪು ವಸತಿಯ ಹೊಸ್ತಿಲು ದಾಟುವಂತಿಲ್ಲ. ಕೊಳೆ ಬಟ್ಟೆಯನ್ನು ಕ್ಯಾಬಿನ್ ಸಂಖ್ಯೆ ಬರೆದ ಜಾಲರಿ ಚೀಲದಲ್ಲಿ ಹಾಕಿಟ್ಟರೆ ಒಗೆದು, ಒಣಗಿಸಿ, ಅದೇ ಚೀಲದಲ್ಲಿ ಹಿಂದಿರುಗಿಸುತ್ತಾರೆ. ವಸತಿಯೊಳಗಿನ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚಾಗಿ ಇಟ್ಟಿರುತ್ತಾರೆ, ಬಾಗಿಲು ತೆರೆದಾಗ ಗಾಳಿ ಹೊರಗೆ ನುಗ್ಗಬೇಕೇ ಹೊರತು ಅನಿಲ ಒಳಗೆ ಬರಬಾರದು. ಗಾಳಿ ಎಳೆದುಕೊಳ್ಳುವ ಬಾಯಿಯಲ್ಲಿ ಅನಿಲದ ಸುಳಿವು ಸಿಕ್ಕಿದರೆ ಆ ಬಾಯಿಯೇ ಮುಚ್ಚಿಕೊಳ್ಳುತ್ತದೆ. ಈ ಕೊನೆಯ ಸಂಗತಿಯನ್ನು ನಾನು ಎರಡು ಬಾರಿ ಹೇಳಿಸಿಕೊಂಡೆ.

ನಮ್ಮ ಮಾತನ್ನು ಕೇಳುತ್ತ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು, ನಾವು ಯಾವ ಭಾಷೆಯವರೆಂದು ವಿಚಾರಿಸಿ, ತಾವು ಇಪ್ಪತ್ತೆರಡು ವರ್ಷ ಪ್ಲಾಟ್‌ಫಾರ್ಮುಗಳ ಗ್ಯಾಲಿಯಲ್ಲಿ, ಅಂದರೆ ಅಡುಗೆಮನೆಯಲ್ಲಿ, ದುಡಿದವರೆಂದು ಪರಿಚಯಿಸಿಕೊಂಡರು. ಅವರು ಸೇರಿದ ಕಾಲಕ್ಕೆ ಒಂದು ಕ್ಯಾಬಿನ್ನಿನಲ್ಲಿ ನಾಲ್ವರಿದ್ದರಂತೆ. ನಾಲ್ವರಲ್ಲಿ ಒಬ್ಬನಾದರೂ ಗೊರಕೆಯವನು ಇದ್ದೇ ಇರುತ್ತಿದ್ದನಂತೆ. "ಬೆಳಗಿನ ಆರಕ್ಕೆ ಒಂದೇ ಮೇಜಿನಲ್ಲಿ ಒಬ್ಬನಿಗೆ ಮೊಟ್ಟೆ ಹುರಿದು ಕೊಡಬೇಕು, ಎದುರಿಗೆ ಕುಳಿತವನಿಗೆ ರಾತ್ರಿಯ ಊಟ ಬಡಿಸಬೇಕು. ನನಗೆ ದಿನ ಯಾವುದೆಂದು ಗೊತ್ತಾಗುತ್ತಿದ್ದದ್ದು ಶನಿವಾರದ ಸ್ಟೇಕಿನಿಂದ ಮಾತ್ರ" ಎಂದರು. ಮದ್ಯ ಇಲ್ಲವೇ ಇಲ್ಲ, ಮನೆಯವರು ಹತ್ತಿರವಿಲ್ಲ, ನೋಡಲು ನೀರಲ್ಲದೆ ಬೇರೇನೂ ಇಲ್ಲ. ಅಂಥಲ್ಲಿ ಊಟ ಕೆಟ್ಟರೆ ಇಡೀ ಪ್ಲಾಟ್‌ಫಾರ್ಮ್ ಕೆಡುತ್ತದೆ ಎಂಬುದು ಅವರ ಸಿದ್ಧಾಂತ. ವಿದ್ಯಾರ್ಥಿನಿಲಯಗಳ ಗಲಾಟೆಗಳು ಯಾವಾಗಲೂ ಸಾರಿನಿಂದಲೇ ಶುರುವಾಗುವುದನ್ನು ಕಂಡ ನಾನು ಮರುಮಾತಿಲ್ಲದೆ ಒಪ್ಪಿದೆ.

ಹೊರಬರುವಾಗ ಸೋದರಳಿಯನಿಗೆ ಸಹಜವಾಗಿ ಕೇಳಿದೆ: "ನಿನ್ನ ಬಂಕಿನಿಂದ ಲೈಫ್‌ಬೋಟಿಗೆ ಎಷ್ಟು ಹೆಜ್ಜೆ?"

ಅವನಿಗೆ ಗೊತ್ತಿರಲಿಲ್ಲ. ಕ್ಯಾಬಿನ್ನಿನಲ್ಲಿ ಹೊಗೆಯಿಂದ ಕಾಯುವ ಮುಸುಕು, ಟಾರ್ಚು, ಕೈಗವಸು ಇರುವ ಚೀಲ ಇದೆ, ವಾರಕ್ಕೊಮ್ಮೆ ಕವಾಯತು ನಡೆಯುತ್ತದೆ, ದಾರಿ ಕಣ್ಣು ಮುಚ್ಚಿದರೂ ತಿಳಿಯುತ್ತದೆ, ಆದರೆ ಹೆಜ್ಜೆ ಎಣಿಸಿಲ್ಲ ಎಂದನು. ನಾನು ಏನೂ ಹೇಳಲಿಲ್ಲ.

ಮಧ್ಯಾಹ್ನ ಫುಟ್‌ಡೀ ಎಂಬ, ಸ್ಥಳೀಯರ ಬಾಯಲ್ಲಿ ‘ಫಿಟ್ಟಿ’ಯಾದ, ಹಳೆಯ ಬೆಸ್ತರ ಕೇರಿಗೆ ಹೋದೆವು. ಸಮುದ್ರಕ್ಕೆ ಬೆನ್ನು ಹಾಕಿ, ಅಂಗಳಕ್ಕೆ ಮುಖ ಮಾಡಿರುವ ಗಿಡ್ಡ ಮನೆಗಳು. ದಿನವಿಡೀ ಕಡಲನ್ನು ನೋಡುವವರು ಮನೆಯಲ್ಲಿಯೂ ಅದನ್ನೇ ನೋಡಲು ಬಯಸಲಿಲ್ಲವೆಂದು ತೋರುತ್ತದೆ. ಬಂದರಿನ ಬಾಯಿಯಲ್ಲಿ ಒಂದು ಸರಕು ಹಡಗು ಎಷ್ಟು ಹತ್ತಿರ ಹಾದುಹೋಯಿತೆಂದರೆ ಅದರ ಅಡುಗೆಯವನು ಬಾಗಿಲಲ್ಲಿ ನಿಂತು ಕೈಬೀಸಿದ್ದು ಕಂಡಿತು.

ಮೂರನೆಯ ದಿನ: ಗುಲಾಬಿ ತೋಟದ ಮೂವರು

ಸೋದರಳಿಯ ಮನೆಗೆಲಸದಲ್ಲಿದ್ದುದರಿಂದ ಒಬ್ಬನೇ ಹೊರಟೆ. ಊರಿನ ಪಶ್ಚಿಮದಲ್ಲಿ, ಒಂದು ಪ್ಲಾಟ್‌ಫಾರ್ಮ್ ದುರಂತದ ಸ್ಮಾರಕವಿರುವ ಹೇಜಲ್‌ಹೆಡ್ ಉದ್ಯಾನಕ್ಕೆ ಹೋಗುವ ಬಸ್ಸೆಂದು ತಿಳಿದು, ಅದೇ ಬಸ್ಸನ್ನು ವಿರುದ್ಧ ದಿಕ್ಕಿನಲ್ಲಿ ಹತ್ತಿ, ಮಳೆಯಲ್ಲಿ ನೆನೆಯುತ್ತಿದ್ದ ಊರಿನ ಇನ್ನೊಂದು ತುದಿಯಲ್ಲಿ ಇಳಿದೆ. ಚಾಲಕ ಏನೂ ಕೇಳದೆ ಅದೇ ಬಸ್ಸಿನಲ್ಲಿ ವಾಪಸು ಕೂರಿಸಿಕೊಂಡನು. ಪೈಪರ್ ಆಲ್ಫಾ ಎಂದು ನಾನು ಹೇಳಿದ ಮೇಲೆ ಅವನ ದನಿ ಇಳಿಯಿತು. ಈ ಊರಿನಲ್ಲಿ ಆ ಎರಡು ಪದಗಳನ್ನು ಯಾರೂ ಜೋರಾಗಿ ಹೇಳುವುದಿಲ್ಲ ಎಂಬುದನ್ನು ಆಮೇಲೆ ಗಮನಿಸಿದೆ.

ಅಬರ್ಡೀನ್‌ನಿಂದ ಈಶಾನ್ಯಕ್ಕೆ ಸುಮಾರು 190 ಕಿಲೋಮೀಟರ್ ದೂರದಲ್ಲಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ 1988ರ ಜುಲೈ 6ರ ರಾತ್ರಿ 226 ಜನರಿದ್ದರು. ದುರಸ್ತಿಗೆಂದು ಸುರಕ್ಷತಾ ಕವಾಟ ಬಿಚ್ಚಿದ್ದ ಪಂಪೊಂದನ್ನು, ಆ ಸಂಗತಿ ಪಾಳಿಯಿಂದ ಪಾಳಿಗೆ ಸರಿಯಾಗಿ ತಲುಪದೆ, ರಾತ್ರಿಯ ಪಾಳಿಯವರು ಚಾಲೂ ಮಾಡಿದರು. ಹತ್ತು ಗಂಟೆಗೆ ಮೊದಲ ಸ್ಫೋಟ. ಪ್ಲಾಟ್‌ಫಾರ್ಮಿನಲ್ಲಿದ್ದ 165 ಮಂದಿ, ಅವರನ್ನು ಉಳಿಸಲು ಹೋದ ದೋಣಿಯ ಇಬ್ಬರು, ಒಟ್ಟು 167 ಜನ ಸತ್ತರು. 61 ಜನ ಬದುಕಿದರು. ಇಷ್ಟನ್ನು ನಾನು ಮೊದಲೇ ಓದಿದ್ದೆ. ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಬೇರೆ. ಸತ್ತವರಲ್ಲಿ ಹೆಚ್ಚಿನವರು ಸುಟ್ಟು ಸತ್ತವರಲ್ಲ. ವಸತಿ ಭಾಗದೊಳಗೆ ಹೊಗೆಯಿಂದ ಉಸಿರುಗಟ್ಟಿ ಸತ್ತವರು. ಕವಾಯತಿನಲ್ಲಿ ಕಲಿಸಿದ್ದಂತೆಯೇ ಅವರು ಊಟದ ಹಾಲಿನಲ್ಲಿ ಸೇರಿ ಹೆಲಿಕಾಪ್ಟರಿಗಾಗಿ ಕಾದರು. ಹೆಲಿಪ್ಯಾಡ್ ಅವರ ತಲೆಯ ಮೇಲೆಯೇ ಇತ್ತು, ಆದರೆ ಹೊಗೆಯಲ್ಲಿ ಯಾವ ಹೆಲಿಕಾಪ್ಟರೂ ಅಲ್ಲಿ ಇಳಿಯುವಂತಿರಲಿಲ್ಲ. ಬದುಕಿದವರಲ್ಲಿ ಬಹಳಷ್ಟು ಜನ ಹೇಳಿದ ಜಾಗವನ್ನು ಬಿಟ್ಟು, ಹಗ್ಗ ಹಿಡಿದೋ ಹಾರಿಯೋ ಸಮುದ್ರಕ್ಕೆ ಬಿದ್ದವರು. ಕೊನೆಗೆ ವಸತಿ ಭಾಗವೇ ಕಳಚಿ ನೀರಿಗೆ ಉರುಳಿತು. ತಿಂಗಳುಗಳ ಬಳಿಕ ಅದನ್ನು ಸಮುದ್ರತಳದಿಂದ ಎತ್ತಿ, ಆರ್ಕ್ನಿ ದ್ವೀಪಗಳ ಫ್ಲಾಟಾಕ್ಕೆ ಒಯ್ದು, ಒಳಗಿದ್ದವರನ್ನು ಹೊರತೆಗೆದರು.

ಉದ್ಯಾನದ ಗುಲಾಬಿ ತೋಟದಲ್ಲಿ, ಗ್ರಾನೈಟ್ ಪೀಠದ ಮೇಲೆ ಮೂರು ಕಂಚಿನ ಪ್ರತಿಮೆಗಳಿವೆ. ಶಿಲ್ಪಿ ಸೂ ಜೇನ್ ಟೇಲರ್; ಅನಾವರಣಗೊಂಡದ್ದು 1991ರಲ್ಲಿ. ನಡುವಿನವನ ಎಡಗೈಯಲ್ಲಿ ಸುರುಳಿಯಾಗಿ ಬಿಚ್ಚಿಕೊಳ್ಳುವ ತೈಲ, ಬಲಗೈ ನೆಲದತ್ತ ತೋರುತ್ತಿದೆ. ಗುಲಾಬಿಗಳು ಇನ್ನೂ ಮೊಗ್ಗಾಗಿದ್ದವು. ಕೊಡೆ ಗಾಳಿಗೆ ಉಲ್ಟಾ ಆಗಿ ಎರಡು ಕಡ್ಡಿ ಮುರಿದದ್ದರಿಂದ ಅದನ್ನು ಮಡಚಿ, ನೆನೆಯುತ್ತಲೇ ಹೆಸರುಗಳನ್ನು ಓದಿದೆ. ಕಳೆ ಕೀಳುತ್ತಿದ್ದ ತೋಟಗಾರ್ತಿ ಕೆಲಸ ನಿಲ್ಲಿಸಿ, ಜುಲೈಯಲ್ಲಿ ಬಂದರೆ ಹೂವೂ ಇರುತ್ತದೆ, ಸತ್ತವರ ಮನೆಯವರೂ ಇರುತ್ತಾರೆ ಎಂದರು.

ನ್ಯಾಯಾಧೀಶ ಲಾರ್ಡ್ ಕಲನ್ ಈ ದುರಂತದ ಬಗ್ಗೆ ನಡೆಸಿದ ವಿಚಾರಣೆಯ ವರದಿ 1990ರಲ್ಲಿ 106 ಶಿಫಾರಸುಗಳೊಂದಿಗೆ ಹೊರಬಂತು. ವಸತಿಯ ಮಟ್ಟಿಗೆ ಅದರ ತಿರುಳನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ: ಜನ ಕೂಡುವ ಜಾಗ ಬೆಂಕಿ ಮತ್ತು ಹೊಗೆಯನ್ನು ನಿಗದಿತ ಹೊತ್ತಿನವರೆಗೆ ತಡೆದು ನಿಲ್ಲುವ ತಾತ್ಕಾಲಿಕ ಆಶ್ರಯವಾಗಿರಬೇಕು, ಅಲ್ಲಿಂದ ಹೊರಹೋಗುವ ದಾರಿಗಳು ಒಂದಕ್ಕಿಂತ ಹೆಚ್ಚಿರಬೇಕು, ಮತ್ತು ಇದೆಲ್ಲ ಇದೆ ಎಂದು ನಡೆಸುವವರೇ ಸಾಧಿಸಿ ತೋರಿಸಬೇಕು. ನಿನ್ನೆ ಸೋದರಳಿಯ ಹೇಳಿದ ಗಾಳಿಯ ಒತ್ತಡ, ತಾನಾಗಿ ಮುಚ್ಚುವ ಬಾಯಿ, ತಲೆದಿಂಬಿನ ಪಕ್ಕದ ಚೀಲ, ಇವೆಲ್ಲ ಈ ಪೀಠದ ಮೇಲಿನ ಹೆಸರುಗಳ ಬೆಲೆಗೆ ಬಂದವು.

ನಾಲ್ಕನೆಯ ದಿನ: ಕ್ರೊಮಾರ್ಟಿಯ ಕೊಲ್ಲಿ

ಅಬರ್ಡೀನ್‌ನಿಂದ ಇನ್ವರ್ನೆಸ್‌ಗೆ ರೈಲು ಎರಡು ಗಂಟೆಗೆ ಸ್ವಲ್ಪ ಹೆಚ್ಚು; ಅಲ್ಲಿಂದ ಬ್ಲ್ಯಾಕ್ ಐಲ್ ಎಂಬ, ಹೆಸರಿನಲ್ಲಿ ದ್ವೀಪವಾದರೂ ದ್ವೀಪವಲ್ಲದ, ನೆಲದ ಮೇಲೆ ಬಸ್ಸು. ದಾರಿಯುದ್ದಕ್ಕೂ ಗೋರ್ಸ್ ಪೊದೆಗಳು ಹಳದಿ ಹೂ ತುಂಬಿ ನಿಂತಿದ್ದವು. ಒಂದು ನಿಲ್ದಾಣದಲ್ಲಿ ಬಾಗಿಲು ತೆರೆದಾಗ ಕೊಬ್ಬರಿಯ ವಾಸನೆ ನುಗ್ಗಿತು. ಬಸ್ಸಿನಲ್ಲಿ ಯಾರೋ ಲಡ್ಡು ತಂದಿರಬೇಕೆಂದು ಸೋದರಳಿಯನತ್ತ ನೋಡಿದೆ. ಅದು ಆ ಹೂವಿನದೇ ವಾಸನೆಯಂತೆ.

ಕ್ರೊಮಾರ್ಟಿ ಊರಿನ ದಡದಲ್ಲಿ ನಿಂತರೆ ಕೊಲ್ಲಿಯ ನಡುವೆ, ಹಸಿರು ಗುಡ್ಡಗಳ ಹಿನ್ನೆಲೆಯಲ್ಲಿ, ಕೆಲಸವಿಲ್ಲದೆ ತಂಗಿರುವ ರಿಗ್‌ಗಳು, ಅಂದರೆ ತೈಲಬಾವಿ ಕೊರೆಯುವ ರಚನೆಗಳು, ಕಾಣುತ್ತವೆ. ಅಂದು ನಾಲ್ಕಿದ್ದವು. ವಸ್ತುಸಂಗ್ರಹಾಲಯದ ಮಾದರಿ ಎಷ್ಟೇ ದೊಡ್ಡದಾಗಿದ್ದರೂ ಅಳತೆಯ ಅಂದಾಜು ಕೊಟ್ಟಿರಲಿಲ್ಲ. ಇಲ್ಲಿ ಒಂದು ಮೀನುಗಾರಿಕೆ ದೋಣಿ ರಿಗ್ಗಿನ ಕಾಲಿನ ಪಕ್ಕದಲ್ಲಿ ಹಾದುಹೋದಾಗ, ಕಾಲು ದೋಣಿಗಿಂತ ದಪ್ಪವಿದೆ ಎಂದು ತಿಳಿದು ಬೆಚ್ಚಿದೆ. ಇವುಗಳಲ್ಲಿ ಕೆಲವು ತೇಲುವ ಬಗೆಯವು. ಅಂಥವನ್ನೇ ಕೊರೆಯುವ ಯಂತ್ರದ ಬದಲು ಕ್ಯಾಬಿನ್ನುಗಳನ್ನು ತುಂಬಿ, ಹೆಚ್ಚಿನ ಜನ ಬೇಕಾದ ಕಾಲದಲ್ಲಿ ಪ್ಲಾಟ್‌ಫಾರ್ಮಿನ ಪಕ್ಕಕ್ಕೆ ತಂದು, ಲಂಗರು ಹಾಕಿ, ನಡುವೆ ಉಕ್ಕಿನ ಸೇತುವೆ ಚಾಚುತ್ತಾರೆ. ‘ಫ್ಲೋಟೆಲ್’ ಎನ್ನುವುದು ಅದಕ್ಕೇ. ಸೋದರಳಿಯ ಒಮ್ಮೆ ಮೂರು ವಾರ ಅದರಲ್ಲಿದ್ದನು. ಊಟ ಚೆನ್ನಾಗಿತ್ತು, ಆದರೆ ಗಾಳಿ ಎದ್ದರೆ ಸೇತುವೆಯನ್ನು ಎತ್ತಿಬಿಡುತ್ತಾರೆ. ಆಗ ಕೆಲಸದ ಕಡೆ ಉಳಿದವನಿಗೆ ಮಲಗಲು ಜಾಗವಿಲ್ಲ, ಮಲಗುವ ಕಡೆ ಉಳಿದವನಿಗೆ ಮಾಡಲು ಕೆಲಸವಿಲ್ಲ.

ಎದುರು ದಡದ ನಿಗ್‌ಗೆ ಎರಡೇ ಕಾರು ಹಿಡಿಸುವ ಪುಟ್ಟ ದೋಣಿಯೊಂದು ಹೋಗುತ್ತದೆ, ಬೇಸಿಗೆಯಲ್ಲಿ ಮಾತ್ರ. ನಾವು ಹೋದಾಗ ಅದು ಆ ವರ್ಷದ ಓಡಾಟವನ್ನು ಇನ್ನೂ ಶುರುಮಾಡಿರಲಿಲ್ಲ. ಹೊರಡುವ ಮುನ್ನ ವಿಚಾರಿಸದ ತಪ್ಪು ನಮ್ಮದೇ. 1970ರ ದಶಕದಲ್ಲಿ ಆ ದಡದಲ್ಲೇ ಫೋರ್ಟೀಸ್ ತೈಲಕ್ಷೇತ್ರದ ದೈತ್ಯ ಉಕ್ಕಿನ ಕಾಲುಗಳನ್ನು ಕಟ್ಟಿ, 1974ರಲ್ಲಿ ಸಮುದ್ರಕ್ಕೆ ತೇಲಿಬಿಟ್ಟರು. ಚಹಾ ಅಂಗಡಿಯ ಹೆಂಗಸು, ಆಗ ಬಂದ ಸಾವಿರಾರು ಬೆಸುಗೆಗಾರರಿಗೆ ಊರುಗಳಲ್ಲಿ ಕೋಣೆ ಸಾಲದೆ ಹಳೆಯ ಪ್ರಯಾಣಿಕರ ಹಡಗನ್ನೇ ತಂದು ದಡಕ್ಕೆ ಕಟ್ಟಿ ಮಲಗಿಸಿದ್ದರೆಂದು ತಮ್ಮ ತಂದೆ ಹೇಳುತ್ತಿದ್ದುದನ್ನು ನೆನೆದರು. ಕೊನೆಯ ಬಸ್ಸಿನ ಹೊತ್ತು ಮೀರುತ್ತಿದ್ದುದನ್ನು ನೆನಪಿಸಿದವರೂ ಅವರೇ. ಇಬ್ಬರೂ ಓಡಿದೆವು, ನನ್ನ ಟೋಪಿ ಕ್ರೊಮಾರ್ಟಿಯಲ್ಲೇ ಉಳಿಯಿತು.

ಐದನೆಯ ದಿನ: ಸ್ಟವಾಂಗರ್

ಅಬರ್ಡೀನ್‌ನಿಂದ ನಾರ್ವೆಯ ಸ್ಟವಾಂಗರ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ, ಗಡಿಯಾರದಲ್ಲಿ ಎರಡು. ಇಲ್ಲಿಂದ ಮುಂದೆ ನಾನು ಒಬ್ಬನೇ. ತೈಲಕ್ಕೆ ಮುಂಚೆ ಈ ಊರು ಡಬ್ಬಿಯಲ್ಲಿ ತುಂಬಿದ ಮೀನಿನಿಂದ ಬದುಕಿತ್ತು. ಹಳೆಯ ಸ್ಟವಾಂಗರ್‌ನ ಬಿಳಿ ಮರದ ಮನೆಗಳ ಓಣಿಗಳಲ್ಲಿ ಅದರ ನೆನಪು ಇನ್ನೂ ಇದೆ. ಬಂದರಿನ ಅಂಚಿನಲ್ಲಿ, ನೀರಿನಲ್ಲಿ ಕಾಲೂರಿ ನಿಂತ ಪುಟ್ಟ ಪ್ಲಾಟ್‌ಫಾರ್ಮಿನಂತೆಯೇ ಕಾಣುವ ಪೆಟ್ರೋಲಿಯಂ ವಸ್ತುಸಂಗ್ರಹಾಲಯ 1999ರಲ್ಲಿ ತೆರೆಯಿತು. ಹೊರಗೆ ತೈಲೋದ್ಯಮದ ಹಳೆಯ ಕೊಳವೆ, ಬೋಯೆ ಎಂಬ ತೇಲುಗುಂಡುಗಳಿಂದಲೇ ಮಾಡಿದ ಆಟದ ಬಯಲಿದೆ. ಮಳೆ ಸುರಿಯುತ್ತಿದ್ದರೂ ಮಕ್ಕಳು ಆಡುತ್ತಿದ್ದರು, ತಾಯಂದಿರು ಮಳೆಯಂಗಿಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ಆ ಕಾಫಿಯ ಬೆಲೆಯನ್ನು ರೂಪಾಯಿಗೆ ಬದಲಾಯಿಸಿ ನೋಡುವ ತಪ್ಪನ್ನು ಯಾರೂ ಮಾಡಬಾರದು.

ನಾರ್ವೆಯ ತೈಲದ ಕಥೆ ಎಕೊಫಿಸ್ಕ್‌ನಿಂದ ಶುರುವಾಗುತ್ತದೆ: 1969ರಲ್ಲಿ ನಿಕ್ಷೇಪ ಸಿಕ್ಕಿತು, 1971ರಲ್ಲಿ ಉತ್ಪಾದನೆ ಆರಂಭವಾಯಿತು. ಸ್ಟವಾಂಗರ್‌ನ ನೈಋತ್ಯಕ್ಕೆ ಸುಮಾರು 300 ಕಿಲೋಮೀಟರ್ ದೂರದ ಆ ಕ್ಷೇತ್ರ ಒಂದೇ ಪ್ಲಾಟ್‌ಫಾರ್ಮಲ್ಲ, ಸೇತುವೆಗಳಿಂದ ಕೂಡಿದ ಒಂದು ಊರು. ಅದರಲ್ಲಿ ಮಲಗುವುದಕ್ಕೆಂದೇ ಒಂದು ಪ್ರತ್ಯೇಕ ಪ್ಲಾಟ್‌ಫಾರ್ಮಿತ್ತು, ಹೆಸರೇ ‘ಎಕೊಫಿಸ್ಕ್ ಹೋಟೆಲ್’. ತೈಲ ತೆಗೆದಂತೆ ಸಮುದ್ರತಳವೇ ಕುಸಿಯುತ್ತಿದೆ ಎಂಬುದು 1984ರಲ್ಲಿ ಗೊತ್ತಾಯಿತು; ಅಲೆಗಳು ಮೇಲಂಕಣಕ್ಕೆ ಸಮೀಪಿಸುತ್ತಿದ್ದವು. 1987ರಲ್ಲಿ ಕಾಲುಗಳನ್ನು ಕತ್ತರಿಸಿ, ಜ್ಯಾಕುಗಳ ಮೇಲೆ ಮೇಲ್ಭಾಗಗಳನ್ನು ಆರು ಮೀಟರ್ ಎತ್ತಿ, ನಡುವೆ ಉಕ್ಕಿನ ತುಂಡು ಸೇರಿಸಿದರು. ಹೋಟೆಲನ್ನೂ ಹಾಗೆಯೇ ಎತ್ತಿದರು. ಒಂದು ವಸತಿಗೃಹವನ್ನು ಇದ್ದಲ್ಲಿಯೇ ಎರಡು ಮಹಡಿಯಷ್ಟು ಮೇಲಕ್ಕೆತ್ತಿದ ಸಂಗತಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೆ. ನನ್ನ ಕಾಲದಲ್ಲಿ ನೆಲಮಹಡಿಗೆ ಮಳೆನೀರು ನುಗ್ಗಿದಾಗ ಹೊಸ್ತಿಲಿಗೆ ಒಂದು ಸಾಲು ಇಟ್ಟಿಗೆ ಇಟ್ಟು ಕೈತೊಳೆದುಕೊಂಡದ್ದೂ ನೆನಪಾಯಿತು.

ಆ ಹೋಟೆಲಿನ ಜಾಗವನ್ನು ಈಗ 552 ಕ್ಯಾಬಿನ್ನುಗಳ ಹೊಸ ವಸತಿ ಪ್ಲಾಟ್‌ಫಾರ್ಮ್ ತುಂಬಿದೆ, ಅಷ್ಟೂ ಒಬ್ಬೊಬ್ಬರಿಗೆ. ಸಂಗ್ರಹಾಲಯದ ಮಾರ್ಗದರ್ಶಕಿ, ತನ್ನ ಬಾಲ್ಯವನ್ನು ತಂದೆಯ ಪಾಳಿಯ ಲೆಕ್ಕದಲ್ಲಿ ನೆನೆಯುವವಳು, ಅದನ್ನು ಹೆಮ್ಮೆಯಿಂದಲೇ ಹೇಳಿದಳು. ನಾರ್ವೆಯವರು ಎರಡು ವಾರ ಕಡಲಿನಲ್ಲಿದ್ದರೆ ನಾಲ್ಕು ವಾರ ಮನೆಯಲ್ಲಿರುತ್ತಾರೆ. "ಅಪ್ಪ ಮನೆಗೆ ಬಂದ ಮೊದಲ ಎರಡು ದಿನ ಯಾರೂ ಮಾತಾಡಿಸುತ್ತಿರಲಿಲ್ಲ, ನಿದ್ದೆ ಮಾಡಲಿ ಎಂದು. ಹೋಗುವ ಮುಂಚಿನ ಎರಡು ದಿನ ಅವರೇ ಯಾರನ್ನೂ ಮಾತಾಡಿಸುತ್ತಿರಲಿಲ್ಲ" ಎಂದಳು. ಮಲಗುವ ಜಾಗವನ್ನು ತೈಲ ಮತ್ತು ಅನಿಲದಿಂದ ಸೇತುವೆಯ ಆಚೆಗಿಟ್ಟಿರುವುದು, ಒಬ್ಬರಿಗೊಂದು ಕೋಣೆ ಕೊಟ್ಟಿರುವುದು, ಎರಡೂ ಶ್ರೀಮಂತಿಕೆಯ ಲಕ್ಷಣವೇ ಇರಬಹುದು ಎಂದು ನಾನು ಅಂದಾಗ, ಅವಳು ಅಲ್ಲವೆಂಬಂತೆ ತಲೆಯಾಡಿಸಿ, ನಾಳೆ ಕ್ವೆರ್ನೆವಿಕ್‌ಗೆ ಹೋಗಿ ಬನ್ನಿ ಎಂದಳು.

ಆರನೆಯ ದಿನ: ಮುರಿದ ಕೊಂಡಿ

ಕ್ವೆರ್ನೆವಿಕ್ ಸ್ಟವಾಂಗರ್‌ನ ಪಶ್ಚಿಮದ ಬಡಾವಣೆ. ಬಸ್ಸಿನ ಟಿಕೆಟನ್ನು ಮೊಬೈಲಿನಲ್ಲಿ ಮೊದಲೇ ಕೊಂಡರೆ ಅಗ್ಗ. ನಾನು ಚಾಲಕನಲ್ಲಿ ಕೊಂಡೆ. ಇಳಿದ ಮೇಲೆ ಸಮುದ್ರದ ಕಡೆಗೆ ನಡೆಯಬೇಕು. ಗಾಳಿ ಎಷ್ಟಿತ್ತೆಂದರೆ ಎದುರಿಗೆ ನಾಯಿಯೊಂದಿಗೆ ಬರುತ್ತಿದ್ದ ಅಜ್ಜಿ ಬೇಲಿಯ ಕಂಬ ಹಿಡಿದು ನಿಂತು, ನಾನು ಕೇಳುವ ಮುನ್ನವೇ ಕೈಯಿಂದ ದಾರಿ ತೋರಿಸಿದರು. ಹೊರಗಿನವರು ಇಲ್ಲಿಗೆ ಬರುವುದು ಒಂದೇ ಕಾರಣಕ್ಕೆ ಎಂದು ಅವರಿಗೆ ಗೊತ್ತಿತ್ತು.

ಸ್ಟವಾಂಗರ್‌ನ ಲೇಖಕ ಅಲೆಕ್ಸಾಂಡರ್ ಎಲ್. ಕೀಲಾಂಡರ ಹೆಸರಿಟ್ಟ ರಿಗ್ ಒಂದಿತ್ತು. ಐದು ಕಂಬಗಳ ಮೇಲೆ ತೇಲುವ ಆ ರಿಗ್ಗನ್ನು 1976ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ್ದು ಕೊರೆಯುವುದಕ್ಕಾಗಿ. ಬಳಸಿದ್ದು ಮಾತ್ರ ಮಲಗುವುದಕ್ಕಾಗಿ. 1980ರ ಮಾರ್ಚ್ 27ರ ಸಂಜೆ ಅದು ಎಕೊಫಿಸ್ಕ್ ಪ್ರದೇಶದ ಎಡ್ಡಾ ಪ್ಲಾಟ್‌ಫಾರ್ಮಿನ ಪಕ್ಕದಲ್ಲಿತ್ತು. ಗಾಳಿ ಜೋರಾಗಿದ್ದುದರಿಂದ ಸೇತುವೆಯನ್ನು ಎತ್ತಿ ದೂರ ಸರಿಸಿದ್ದರು. 212 ಜನರಿದ್ದರು, ಪಾಳಿ ಮುಗಿದ ಹೊತ್ತಾದ್ದರಿಂದ ಬಹಳಷ್ಟು ಜನ ಊಟದ ಹಾಲಿನಲ್ಲಿ, ಸಿನಿಮಾ ಕೋಣೆಯಲ್ಲಿ ಇದ್ದರು. ಆರೂವರೆಯ ಸುಮಾರಿಗೆ ಒಂದು ಅಡ್ಡತೊಲೆ ಮುರಿದು, ಅದರಿಂದ ಉಳಿದವೂ ಮುರಿದು, ಐದರಲ್ಲಿ ಒಂದು ಕಂಬವೇ ಕಳಚಿಹೋಯಿತು. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ರಿಗ್ ಬುಡಮೇಲಾಯಿತು. 123 ಜನ ಸತ್ತರು. ಮುರಿತದ ಮೂಲ ಹುಡುಕಿದಾಗ ಸಿಕ್ಕಿದ್ದು, ನೀರಿನೊಳಗಿನ ಸದ್ದು ಹಿಡಿಯುವ ಒಂದು ಉಪಕರಣವನ್ನು ಕೂರಿಸಲು ಆ ತೊಲೆಗೆ ಹಾಕಿದ್ದ ಸಣ್ಣ ಬೆಸುಗೆ. ಅಲ್ಲಿಂದ ಹುಟ್ಟಿದ ಬಿರುಕು ಅಲೆಯ ಒಂದೊಂದು ಹೊಡೆತಕ್ಕೂ ಇಷ್ಟಿಷ್ಟೇ ಬೆಳೆದಿತ್ತು.

ದಡದ ಬಂಡೆಗಳ ಮೇಲೆ, ನೀರಿಗೆ ಎದುರಾಗಿ, ದೊಡ್ಡದೊಂದು ಸರಪಳಿಯ ಮುರಿದ ಕೊಂಡಿ ನಿಂತಿದೆ. 1986ರಲ್ಲಿ ನಿಲ್ಲಿಸಿದ ಸ್ಮಾರಕ. ಹೆಸರೂ ‘ಮುರಿದ ಕೊಂಡಿ’ ಎಂದೇ. ಅಬರ್ಡೀನ್‌ನಲ್ಲಿ ಗುಲಾಬಿಗಳಿದ್ದವು, ಮನುಷ್ಯರ ಮುಖಗಳಿದ್ದವು. ಇಲ್ಲಿ ಉಕ್ಕು, ಬಂಡೆ ಮತ್ತು ಗಾಳಿ. ಎರಡರಲ್ಲಿ ಯಾವುದು ಸರಿ ಎಂದು ಹೇಳಲಾರೆ, ಆದರೆ ಕೆಲಸ ಮಾಡುತ್ತ ಸತ್ತವರಿಗಿಂತ ಕೆಲಸ ಮುಗಿಸಿ ಊಟಕ್ಕೆ ಕುಳಿತಾಗ ಸತ್ತವರ ಸ್ಮಾರಕದ ಮುಂದೆ ನಿಲ್ಲುವುದು ನನಗೆ ಹೆಚ್ಚು ಕಷ್ಟವಾಯಿತು. ಮಾರ್ಗದರ್ಶಕಿ ತಲೆಯಾಡಿಸಿದ್ದೇಕೆಂದೂ ತಿಳಿಯಿತು. ಹಿಂದಿರುಗುವ ಬಸ್ಸಿನಲ್ಲಿ ಒದ್ದೆ ಕಾಲುಚೀಲ ಬಿಚ್ಚಿ ಹಿಂಡುತ್ತಿದ್ದಾಗ ಅದೇ ಅಜ್ಜಿ ಮುಂದಿನ ಸೀಟಿನಿಂದ ತಿರುಗಿ, ತಮ್ಮ ಪಕ್ಕದ ಮನೆಯ ಹುಡುಗ ಅದರಲ್ಲಿದ್ದ ಎಂದಷ್ಟೇ ಹೇಳಿ, ಮುಂದಿನ ನಿಲ್ದಾಣದಲ್ಲಿ ನಾಯಿಯೊಂದಿಗೆ ಇಳಿದುಹೋದರು.

ಏಳನೆಯ ದಿನ ಮತ್ತು ಅದರ ನಂತರ

ಅಬರ್ಡೀನ್‌ಗೆ ಮರಳಿದ ಬಳಿಕ ಮನೆಯಲ್ಲೇ ಉಳಿದೆ. ಸೋದರಳಿಯ ಮುಂದಿನ ಸರದಿಗೆ ತಯಾರಾಗುತ್ತಿದ್ದನು. ಚೀಲದ ತೂಕಕ್ಕೆ ಮಿತಿಯಿದೆ, ಬೆಂಕಿಪೊಟ್ಟಣ, ಲೈಟರ್ ಒಯ್ಯುವಂತಿಲ್ಲ. ಭುಜದ ಅಗಲ 22 ಅಂಗುಲ ಅಥವಾ ಹೆಚ್ಚಿದ್ದವರನ್ನು, ಮುಳುಗಿದರೆ ಹೊರಬರಲು ಸಾಕಷ್ಟು ದೊಡ್ಡ ಕಿಟಕಿ ಇರುವ ಆಸನದಲ್ಲೇ ಕೂರಿಸಬೇಕೆಂಬ ನಿಯಮ 2015ರಿಂದ ಇದೆ. ಅವನ ಹೆಂಡತಿ ಟೇಪು ಹಿಡಿದು ಅಳೆದು, ಈ ರಜೆಯಲ್ಲಿ ತಿಂದದ್ದಕ್ಕೆ ಇನ್ನೂ ಅಷ್ಟಾಗಿಲ್ಲ ಎಂದು ತೀರ್ಪು ಕೊಟ್ಟಳು. ಬೆಳಗಿನ ಐದಕ್ಕೆ ಅವನನ್ನು ಹೆಲಿಕಾಪ್ಟರ್ ನಿಲ್ದಾಣಕ್ಕೆ ಬಿಟ್ಟು ಬಂದೆವು. ಮಂಜು ಇರಲಿಲ್ಲ.

ನಾನು ಊರಿಗೆ ಮರಳಿದ ನಾಲ್ಕನೆಯ ದಿನ ಅವನ ಸಂದೇಶ ಬಂತು. ಪ್ಲಾಟ್‌ಫಾರ್ಮಿನ ವಸತಿಯಲ್ಲಿ ಈಗ ಇಂಟರ್‌ನೆಟ್ ಇದೆ, ನಿಧಾನವಾದರೂ. ಪಾಳಿ ಮುಗಿಸಿ, ಜೊತೆಗಾರ ಎದ್ದುಹೋದ ಮೇಲೆ, ಬಂಕಿನಿಂದ ಲೈಫ್‌ಬೋಟಿನವರೆಗೆ ಎಣಿಸಿದನಂತೆ: "ಮಾವ, ಹೋಗುವಾಗ ತೊಂಬತ್ತೆರಡು, ಬರುವಾಗ ತೊಂಬತ್ತೇಳು. ನಡುವೆ ಮೇಲ್ವಿಚಾರಕರು ಎದುರಾಗಿ ಏನು ಮಾಡುತ್ತಿದ್ದೀಯ ಎಂದು ಕೇಳಿದರು, ಲೆಕ್ಕ ತಪ್ಪಿರಬೇಕು. ನಾಳೆ ಇನ್ನೊಮ್ಮೆ ಎಣಿಸುತ್ತೇನೆ."